ಕರಿಹಲಗೆಯಿಲ್ಲದೆ ಗಣಿತ ಮಾತನಾಡುವುದಕ್ಕೆ ಹೇಗೆ ತಯಾರಾಗಬೇಕು?

ಗಣಿತ ಕಲಿಕೆಯ ಕುರಿತಾದ ಪಾಡ್‌ಕಾಸ್ಟ್‌ಗಳಲ್ಲಿ ನಾನು ಕೆಲವು ಬಾರಿ ಅತಿಥಿಯಾಗಿ ಮಾತನಾಡಿದ್ದೇನೆ. ಅಂಥದೇ ಆಹ್ವಾನ ಬಂದ ಶಿಕ್ಷಕ ಮಿತ್ರರು ನನ್ನನ್ನು ಮತ್ತೆ ಮತ್ತೆ ಕೇಳುವ ಪ್ರಶ್ನೆ ಒಂದೇ: "ಹೋಗುವ ಮುನ್ನ ಏನೇನು ಓದಿಕೊಂಡಿರಬೇಕು?" ಅವರಿಗೆ ಬಿಡಿಬಿಡಿಯಾಗಿ ಹೇಳುತ್ತ ಬಂದ ಉತ್ತರವನ್ನು ಇಲ್ಲಿ ಒಂದೆಡೆ ಬರೆದಿಡುತ್ತಿದ್ದೇನೆ. ಓದಿಕೊಳ್ಳುವುದು ಈ ತಯಾರಿಯಲ್ಲಿ ಸಣ್ಣ ಪಾಲು. ಕಣ್ಣಿಗೆ ಏನೂ ಕಾಣದಿದ್ದರೂ ಕಿವಿಯೊಂದರಿಂದಲೇ ಹಿಡಿದಿಟ್ಟುಕೊಳ್ಳಬಹುದಾದ ಒಂದೇ ಒಂದು ಗಣಿತದ ವಿಚಾರವನ್ನು ಆರಿಸಿಕೊಂಡು, ಅದನ್ನು ಹೇಳುವ ಮಾತನ್ನು ಹದಗೊಳಿಸುವುದಕ್ಕೆ ನನ್ನ ಹೆಚ್ಚಿನ ಸಮಯ ಹೋಗುತ್ತದೆ.

ಇದನ್ನು ನಾನು ತಪ್ಪಿನಿಂದ ಕಲಿತೆ. ಮೊದಲ ಸಲ ಎಂಟು ಪುಟಗಳ ಟಿಪ್ಪಣಿ ಮುಂದಿಟ್ಟುಕೊಂಡು ಕುಳಿತಿದ್ದೆ. ಬೀಜಗಣಿತದಲ್ಲಿ ಮಕ್ಕಳು ಎಡವುವ ಜಾಗಗಳನ್ನು ಸಾಕಷ್ಟು ಸ್ಪಷ್ಟವಾಗಿಯೇ ವಿವರಿಸಿದೆನೆಂದು ನಂಬಿದ್ದೆ. ಸ್ವತಃ ಗಣಿತ ಶಿಕ್ಷಕರಾಗಿದ್ದ ನಿರೂಪಕರೂ ತಲೆದೂಗುತ್ತಿದ್ದರು. ಕಂತು ಪ್ರಕಟವಾದ ಮೇಲೆ ಕೇಳಿದಾಗ ನನ್ನ ವಿವರಣೆ ನನಗೇ ಅರ್ಥವಾಗಲಿಲ್ಲ. ಮಾತನಾಡುವಷ್ಟು ಹೊತ್ತೂ ನನ್ನ ತೋರುಬೆರಳು ಮೇಜಿನ ಮೇಲೆ ಸಮೀಕರಣ ಬರೆಯುತ್ತಿತ್ತೆಂಬುದು ಆಗ ನೆನಪಾಯಿತು. ಆ ಬೆರಳು ಕೇಳುಗರಿಗೆ ಕಂಡಿರಲಿಲ್ಲ.

ತೊಡಕು ಎಲ್ಲಿದೆಯೆಂದು ನೋಡಲು ತರಗತಿಯಲ್ಲಿ ದಿನವೂ ಆಡುವ ಒಂದು ಮಾತು ಸಾಕು: "ಎಕ್ಸ್ ಪ್ಲಸ್ ಒಂದು ಬೈ ಎರಡು." ಎಕ್ಸ್‌ನ ಬೆಲೆ 5 ಆಗಿದ್ದರೆ ಇದರ ಉತ್ತರವೇನು? ಒಂದನ್ನು ಮಾತ್ರ ಎರಡರಿಂದ ಭಾಗಿಸಬೇಕೆಂದು ಕೇಳಿಸಿಕೊಂಡವರಿಗೆ ಐದೂವರೆ, ಇಡೀ ಮೊತ್ತವನ್ನು ಭಾಗಿಸಬೇಕೆಂದು ಕೇಳಿಸಿಕೊಂಡವರಿಗೆ ಮೂರು. ಹಲಗೆಯ ಮೇಲೆ ಅಡ್ಡಗೆರೆಯ ಉದ್ದವೇ ಈ ಅನುಮಾನವನ್ನು ಬಗೆಹರಿಸುತ್ತದೆ. ದನಿಯಲ್ಲಿ ಗೆರೆಯೂ ಇಲ್ಲ, ಆವರಣವೂ ಇಲ್ಲ.

ಈ ತೊಡಕನ್ನು ನಮಗಿಂತ ಬಹಳ ಮೊದಲೇ ಮತ್ತು ಬಹಳ ಆಳವಾಗಿ ಯೋಚಿಸಿದವರು ದೃಷ್ಟಿಯಿಲ್ಲದ ಗಣಿತಜ್ಞರು. ಗಣಿತವನ್ನು ಬ್ರೈಲ್‌ನಲ್ಲಿ ಬರೆಯುವ ಸಂಕೇತ ಪದ್ಧತಿಯನ್ನು ರೂಪಿಸಿದ ಏಬ್ರಹಾಂ ನೆಮೆತ್ (1918–2013) ಅದರ ಜೊತೆಗೆ ಗಣಿತವನ್ನು ಗಟ್ಟಿಯಾಗಿ ಓದುವ ನಿಯಮಗಳನ್ನೂ ಮಾಡಿಕೊಂಡರು. ತಮಗೆ ಪುಸ್ತಕ ಓದಿ ಹೇಳುವವರು ಭಿನ್ನರಾಶಿ ಎಲ್ಲಿ ಆರಂಭವಾಯಿತು, ಎಲ್ಲಿ ಮುಗಿಯಿತು ಎಂಬುದನ್ನು ಬಾಯಿಬಿಟ್ಟು ಹೇಳಬೇಕೆಂಬುದು ಅವುಗಳಲ್ಲೊಂದು. ದೃಷ್ಟಿಯಿಲ್ಲದ ಕಂಪ್ಯೂಟರ್ ವಿಜ್ಞಾನಿ ಟಿ. ವಿ. ರಾಮನ್ 1994ರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯಕ್ಕೆ ಸಲ್ಲಿಸಿದ ಪಿಎಚ್‌ಡಿ ಪ್ರಬಂಧಕ್ಕಾಗಿ ರೂಪಿಸಿದ ತಂತ್ರಾಂಶವು ಘಾತಾಂಕ ಬಂದಾಗ ದನಿಯ ಸ್ಥಾಯಿಯನ್ನೇ ಏರಿಸಿ ಓದುತ್ತಿತ್ತು. ಬರಹದಲ್ಲಿ ಮೇಲೆ ಕೂರುವ ಅಂಕೆ ಕಿವಿಗೂ ಮೇಲೆಯೇ ಕೇಳಿಸಬೇಕೆಂಬ ಆ ಯೋಚನೆಯನ್ನು ನೆನೆದಾಗಲೆಲ್ಲ ನನಗೆ ಗೌರವ ಮೂಡುತ್ತದೆ. ಪಾಡ್‌ಕಾಸ್ಟ್ ಅತಿಥಿ ಈ ನಿಯಮಗಳನ್ನು ಹಾಗೆಯೇ ಬಳಸಬೇಕಾಗಿಲ್ಲ. ಆದರೆ ಬರೆದದ್ದನ್ನು ಓದುವುದು ಬೇರೆ, ಕೇಳಲೆಂದೇ ಹೇಳುವುದು ಬೇರೆ ಎಂಬ ಅರಿವನ್ನು ಅವರಿಂದ ಪಡೆಯಲೇಬೇಕು.

ಈ ವಿಷಯದಲ್ಲಿ ಕನ್ನಡದ ವಾಕ್ಯರಚನೆ ನಮಗೆ ದೊಡ್ಡ ನೆರವು. "ಒಂದು ಸಂಖ್ಯೆಗೆ ಒಂದನ್ನು ಕೂಡಿಸಿ, ಬಂದದ್ದನ್ನು ಅರ್ಧ ಮಾಡಿ" ಎಂದರೆ ಆವರಣದ ಅಗತ್ಯವೇ ಬೀಳುವುದಿಲ್ಲ. ಯಾವ ಕೆಲಸ ಮೊದಲು, ಯಾವುದು ಆಮೇಲೆ ಎಂಬುದನ್ನು ಕ್ರಿಯಾಪದಗಳ ಸಾಲೇ ಹೇಳುತ್ತದೆ. ಆದ್ದರಿಂದ ನಾನು ಹೇಳಬೇಕೆಂದುಕೊಂಡ ಪ್ರತಿಯೊಂದು ಲೆಕ್ಕವನ್ನೂ ಮೊದಲು ಚಿಹ್ನೆಗಳಿಂದ ಬಿಡಿಸಿ ಹೀಗೆ ಕೆಲಸಗಳ ಸಾಲಾಗಿ ಬರೆದು ನೋಡುತ್ತೇನೆ. ಹಾಗೆ ಬರೆಯಲು ಬಾರದ ಲೆಕ್ಕವನ್ನು ಕೈಬಿಡುತ್ತೇನೆ.

ಇನ್ನು ಎಷ್ಟು ಹೇಳಬೇಕೆಂಬ ವಿಚಾರ. ಮನಸ್ಸು ಒಮ್ಮೆಗೆ ಏಳರ ಆಸುಪಾಸಿನಷ್ಟು ಸಂಗತಿಗಳನ್ನು ಹಿಡಿದಿಡಬಲ್ಲದೆಂದು ಮನಶ್ಶಾಸ್ತ್ರಜ್ಞ ಜಾರ್ಜ್ ಮಿಲ್ಲರ್ 1956ರಲ್ಲಿ ಬರೆದದ್ದು ಹೆಸರುವಾಸಿಯಾಗಿದೆ. 2001ರಲ್ಲಿ ನೆಲ್ಸನ್ ಕೋವನ್ ಅದನ್ನು ಪುನರ್ವಿಮರ್ಶಿಸಿ ಆ ಮಿತಿ ನಾಲ್ಕರ ಸುತ್ತಮುತ್ತ ಎಂದು ವಾದಿಸಿದರು. ನಮ್ಮ ಕೇಳುಗರು ವಾಹನ ಓಡಿಸುತ್ತಲೋ ಪಾತ್ರೆ ತೊಳೆಯುತ್ತಲೋ ಇರುವವರಾದ್ದರಿಂದ ನಾನು ಮೂರಕ್ಕೇ ನಿಲ್ಲುತ್ತೇನೆ. ಒಂದು ಉದಾಹರಣೆಯಲ್ಲಿ ಮೂರಕ್ಕಿಂತ ಹೆಚ್ಚು ಸಂಖ್ಯೆಗಳನ್ನು ಕೇಳುಗರು ನೆನಪಿಡಬೇಕಾಗಿ ಬಂದರೆ ಅದು ಪುಸ್ತಕಕ್ಕೆ ಸೇರಿದ ಉದಾಹರಣೆ.

ಹಾಗಾದರೆ ಕಿವಿಗೆ ಹೊಂದುವ ಲೆಕ್ಕ ಹೇಗಿರುತ್ತದೆ? ನನಗೆ ಬಹಳ ಪ್ರಿಯವಾದದ್ದೊಂದಿದೆ: ಒಂದೂಮುಕ್ಕಾಲನ್ನು ಅರ್ಧದಿಂದ ಭಾಗಿಸುವುದು. ಗಣಿತ ಶಿಕ್ಷಣದ ಸಂಶೋಧಕಿ ಲಿಪಿಂಗ್ ಮಾ ಅವರು 1999ರಲ್ಲಿ ಪುಸ್ತಕವಾಗಿ ಪ್ರಕಟಿಸಿದ ಅಧ್ಯಯನದಲ್ಲಿ ಇದನ್ನೇ ಅಮೆರಿಕದ 23 ಮತ್ತು ಚೀನಾದ 72 ಪ್ರಾಥಮಿಕ ಶಾಲಾ ಶಿಕ್ಷಕರ ಮುಂದಿಟ್ಟು, ಲೆಕ್ಕ ಮಾಡುವುದರ ಜೊತೆಗೆ ಅದಕ್ಕೊಂದು ಕಥೆ ಕಟ್ಟಿ ಹೇಳುವಂತೆ ಕೇಳಿದ್ದರು. ಚೀನಾದ ಎಲ್ಲ ಶಿಕ್ಷಕರೂ ಸರಿಯಾದ ಉತ್ತರ ಕಂಡುಕೊಂಡರು, ಅವರಲ್ಲಿ ಹೆಚ್ಚಿನವರು ಹೊಂದುವ ಕಥೆಯನ್ನೂ ಹೇಳಿದರು; ಅಮೆರಿಕದವರಲ್ಲಿ ಸರಿಯಾದ ಉತ್ತರ ತಲುಪಿದವರು 9 ಮಂದಿ, ಸರಿಯಾದ ಕಥೆ ಹೇಳಿದವರು ಒಬ್ಬರೇ ಒಬ್ಬರು. ಬಹಳ ಜನ ಎಡವಿದ್ದು ಒಂದೇ ಜಾಗದಲ್ಲಿ: ಅರ್ಧದಿಂದ ಭಾಗಿಸುವುದನ್ನು ಎರಡರಿಂದ ಭಾಗಿಸುವುದೆಂದು ತಿಳಿದು, ಇಬ್ಬರಿಗೆ ಸಮನಾಗಿ ಹಂಚುವ ಕಥೆ ಹೇಳಿದರು.

ಕನ್ನಡದಲ್ಲಿ ಈ ಎಡವುವ ಜಾಗ ಇನ್ನೂ ಹತ್ತಿರದಲ್ಲಿದೆ, ಏಕೆಂದರೆ "ಅರ್ಧ ಭಾಗ ಮಾಡು" ಮತ್ತು "ಅರ್ಧದಿಂದ ಭಾಗಿಸು" ಎಂಬ ಎರಡು ಮಾತುಗಳ ನಡುವೆ ದನಿಯಲ್ಲಿ ಉಳಿಯುವ ವ್ಯತ್ಯಾಸ ಒಂದು ವಿಭಕ್ತಿ ಪ್ರತ್ಯಯದಷ್ಟು ಮಾತ್ರ. ಹಾಗಾಗಿ ನಾನು ಭಾಗಾಕಾರದ ಹೆಸರನ್ನೇ ಎತ್ತದೆ ಹೀಗೆ ಕೇಳುತ್ತೇನೆ: "ನಿಮ್ಮ ಬಳಿ ಒಂದೂಮುಕ್ಕಾಲು ಲೀಟರ್ ನೀರಿದೆ. ಅರ್ಧ ಲೀಟರಿನ ಬಾಟಲಿಗಳಿಗೆ ತುಂಬುತ್ತ ಹೋಗಿ. ಎಷ್ಟು ಬಾಟಲಿ ತುಂಬುತ್ತವೆ?" ಮೂರು ಬಾಟಲಿ ತುಂಬಿದ ಮೇಲೆ ಕಾಲು ಲೀಟರ್ ಉಳಿಯುತ್ತದೆ, ಅಂದರೆ ನಾಲ್ಕನೆಯ ಬಾಟಲಿ ಅರ್ಧಕ್ಕೆ ನಿಲ್ಲುತ್ತದೆ. ಉತ್ತರ ಮೂರೂವರೆ. "ಮೂರೂಕಾಲು" ಎನ್ನುವವರು ಯಾವಾಗಲೂ ಇರುತ್ತಾರೆ. ಉಳಿದದ್ದು ಕಾಲು ಲೀಟರ್ ಎಂದು ಅವರು ಸರಿಯಾಗಿಯೇ ಕಂಡಿದ್ದಾರೆ, ಆದರೆ ಅಳತೆಗೋಲು ಲೀಟರಿನಿಂದ ಬಾಟಲಿಗೆ ಬದಲಾದದ್ದನ್ನು ಗಮನಿಸಿಲ್ಲ. ಸಂಚಿಕೆಯ ಇಡೀ ಮಾತುಕತೆಯನ್ನು ಈ ಮೂರೂಕಾಲಿನ ಸುತ್ತಲೇ ನಡೆಸಬಹುದು. ಭಿನ್ನರಾಶಿಯನ್ನು ತಲೆಕೆಳಗು ಮಾಡಿ ಗುಣಿಸುವ ನಿಯಮ ಏಕೆ ಕೆಲಸ ಮಾಡುತ್ತದೆ, ಮಕ್ಕಳು ಅದನ್ನು ಏಕೆ ಮರೆಯುತ್ತಾರೆ ಎಂಬುದೆಲ್ಲ ಅಲ್ಲಿಂದಲೇ ಹೊರಡುತ್ತದೆ.

ಹೀಗೆ ಆರಿಸಿದ ಲೆಕ್ಕವನ್ನು ನಾನು ಫೋನಿನಲ್ಲಿ ಪರೀಕ್ಷಿಸುತ್ತೇನೆ. ಗಣಿತದೊಡನೆ ನಿತ್ಯದ ಒಡನಾಟವಿಲ್ಲದ ಒಬ್ಬರಿಗೆ ಕರೆ ಮಾಡಿ, ಕಾಗದ ಪೆನ್ನು ಮುಟ್ಟದೆ ಕೇಳಿ, ಕೇಳಿದ್ದನ್ನು ನನಗೇ ತಿರುಗಿ ಹೇಳಿ ಎಂದು ಕೋರುತ್ತೇನೆ. ಅವರು "ಸ್ವಲ್ಪ ಇರಿ, ಪೆನ್ನು ತರುತ್ತೇನೆ" ಎಂದರೆ ಉದಾಹರಣೆ ಸೋತಿದೆ ಎಂದೇ ತಿಳಿಯುತ್ತೇನೆ. ಇನ್ನಷ್ಟು ನಿಧಾನವಾಗಿ ಹೇಳಿ ಅದನ್ನು ಉಳಿಸಿಕೊಳ್ಳುವ ಪ್ರಯತ್ನ ಫಲಿಸಿದ್ದನ್ನು ನಾನು ಕಂಡಿಲ್ಲ.

ಮಕ್ಕಳ ಮಾತುಗಳನ್ನು ಹೇಳುವಾಗ ಬೇರೆಯದೇ ಎಚ್ಚರ ಬೇಕು. ತರಗತಿಯ ತಪ್ಪುಗಳನ್ನು ನಗೆಹನಿಗಳಂತೆ ಹೇಳುವುದು ಮಾತುಕತೆಯ ಬಿಸಿಯಲ್ಲಿ ಸುಲಭವಾಗಿ ನಡೆದುಹೋಗುತ್ತದೆ, ಮತ್ತು ನನ್ನ ದೃಷ್ಟಿಯಲ್ಲಿ ಅದು ಕ್ಷಮಿಸಲಾಗದ ಲೋಪ. ಡೆಬೊರಾ ಬಾಲ್ ಎಂಬ ಶಿಕ್ಷಕಿ 1990ರ ಜನವರಿಯಲ್ಲಿ ಅಮೆರಿಕದ ಮಿಶಿಗನ್‌ನಲ್ಲಿ ನಡೆಸಿದ ಮೂರನೆಯ ತರಗತಿಯ ಪಾಠವೊಂದರಲ್ಲಿ ಒಬ್ಬ ಹುಡುಗ, ಆರು ಸಮಸಂಖ್ಯೆಯೂ ಹೌದು, ಬೆಸಸಂಖ್ಯೆಯೂ ಆಗಬಹುದು ಎಂದ. ಆರರಲ್ಲಿ ಎರಡರ ಮೂರು ಗುಂಪುಗಳಿವೆ, ಮೂರು ಬೆಸ ಎಂಬುದು ಅವನ ಕಾರಣ. ಇಷ್ಟಕ್ಕೇ ನಿಲ್ಲಿಸಿದರೆ ಕೇಳುಗರು ನಕ್ಕು ಮುಂದೆ ಹೋಗುತ್ತಾರೆ. ಆದರೆ ಬಾಲ್ ಅವನನ್ನು ಅಲ್ಲಿಗೇ ತಿದ್ದಿ ಕೂರಿಸಲಿಲ್ಲ. ತರಗತಿಯೇ ಆ ವಿಚಾರವನ್ನು ಬೆಳೆಸಿ, ಆರು, ಹತ್ತು, ಹದಿನಾಲ್ಕು ಹೀಗೆ ಬೆಸಸಂಖ್ಯೆಯ ಜೋಡಿಗಳಿರುವ ಸಂಖ್ಯೆಗಳಿಗೆ ಆ ಹುಡುಗನ ಹೆಸರನ್ನೇ ಇಟ್ಟಿತು. ತಪ್ಪಿನ ಒಳಗೆ ಇದ್ದ ಸರಿಯನ್ನು ಪೂರ್ತಿಯಾಗಿ ಹೇಳುವಷ್ಟು ಸಮಯವಿದ್ದರೆ ಮಾತ್ರ ನಾನು ಮಗುವಿನ ಮಾತನ್ನು ಎತ್ತುತ್ತೇನೆ. ನನ್ನದೇ ತರಗತಿಯ ಮಗುವಾದರೆ ಹೆಸರು, ವರ್ಷ, ಊರು ಯಾವುದನ್ನೂ ಹೇಳುವುದಿಲ್ಲ; ಗುರುತು ಸಿಗುವ ಸಾಧ್ಯತೆಯಿದ್ದರೆ ಆ ಪ್ರಸಂಗವನ್ನೇ ಬಿಡುತ್ತೇನೆ. ದನಿಮುದ್ರಿಕೆ ಬಹಳ ವರ್ಷ ಉಳಿಯುತ್ತದೆ, ಆ ಮಗು ದೊಡ್ಡವಳಾಗಿ ಅದನ್ನು ಕೇಳಬಹುದು.

ಓದಿಕೊಳ್ಳುವ ವಿಚಾರಕ್ಕೆ ಈಗ ಬರುತ್ತೇನೆ. ಆ ಪಾಡ್‌ಕಾಸ್ಟ್‌ನ ಎರಡು ಮೂರು ಸಂಚಿಕೆಗಳನ್ನು ಪೂರ್ತಿ ಕೇಳಿ, ಕೇಳುಗರಲ್ಲಿ ಹೆಚ್ಚಿನವರು ಪೋಷಕರೋ ಶಿಕ್ಷಕರೋ ಎಂದು ನಿರೂಪಕರನ್ನು ವಿಚಾರಿಸಿಕೊಂಡರೆ ಅರ್ಧ ಕೆಲಸ ಮುಗಿಯುತ್ತದೆ. ಪ್ರಶ್ನೆಗಳನ್ನು ಮೊದಲೇ ಕಳಿಸಿಕೊಟ್ಟರೆ ಓದುತ್ತೇನೆ, ಆದರೆ ಉತ್ತರಗಳನ್ನು ಬರೆದಿಟ್ಟುಕೊಳ್ಳುವುದಿಲ್ಲ. ಬರೆದ ಉತ್ತರವನ್ನು ನಾಲಿಗೆ ಓದತೊಡಗುತ್ತದೆ, ನಿರೂಪಕರು ಹೇಳಿದ್ದನ್ನು ಕಿವಿ ಕೇಳುವುದನ್ನು ನಿಲ್ಲಿಸುತ್ತದೆ. ಮಗ್ಗಿ ಬಾಯಿಪಾಠ ಬೇಕೇ ಬೇಡವೇ ಎಂಬ ಪ್ರಶ್ನೆ ಬಂದೇ ಬರುತ್ತದೆ. ಅದಕ್ಕೆ ಹೌದು ಅಥವಾ ಇಲ್ಲ ಎಂದುಬಿಡುವ ಒತ್ತಡಕ್ಕೆ ಮಣಿಯಬಾರದು. ಏಳೆಂಟಲ ಐವತ್ತಾರು ಎಂದು ಥಟ್ಟನೆ ಹೇಳಬಲ್ಲ ಮಗುವಿಗೆ ಮುಂದಿನ ಲೆಕ್ಕಗಳಲ್ಲಿ ಮನಸ್ಸು ಬಿಡುವಾಗುತ್ತದೆ. ಅದು ಮರೆತುಹೋದಾಗ ಏಳೇಳಲ ನಲವತ್ತೊಂಬತ್ತಕ್ಕೆ ಇನ್ನೊಂದು ಏಳನ್ನು ಸೇರಿಸಿಕೊಳ್ಳಬಲ್ಲ ಮಗುವಿಗೆ ಭಯ ಇರುವುದಿಲ್ಲ. ಎರಡೂ ಬೇಕು ಎಂಬುದು ನನ್ನ ಅಭಿಪ್ರಾಯ, ಮತ್ತು ಅದನ್ನು ಅಭಿಪ್ರಾಯವೆಂದೇ ಹೇಳುತ್ತೇನೆ.

ಉದ್ಧರಿಸುವ ಪ್ರತಿಯೊಂದು ಕಥೆಯ ಮೂಲವನ್ನು ನೋಡಿಕೊಳ್ಳುವುದು ಓದಿನ ಇನ್ನೊಂದು ಭಾಗ. ಮುಂದೆ ಹೆಸರಾಂತ ಗಣಿತಜ್ಞರಾದ ಗೌಸ್ ಬಾಲಕನಾಗಿದ್ದಾಗ ಒಂದರಿಂದ ನೂರರವರೆಗಿನ ಸಂಖ್ಯೆಗಳನ್ನು ಕ್ಷಣದಲ್ಲಿ ಕೂಡಿಸಿ 5050 ಎಂದ ಕಥೆಯನ್ನು ನಾನೂ ವರ್ಷಗಟ್ಟಲೆ ಹೇಳಿದ್ದೇನೆ. ಗೌಸ್ ತೀರಿಕೊಂಡ ಮರುವರ್ಷ, 1856ರಲ್ಲಿ, ಅವರ ಗೆಳೆಯ ಸಾರ್ಟೋರಿಯಸ್ ಬರೆದ ಸ್ಮರಣೆಯಲ್ಲಿ ತರಗತಿಯೂ ಇದೆ, ಸ್ಲೇಟೂ ಇದೆ, ಸಮಾಂತರ ಶ್ರೇಢಿಯೊಂದರ ಮೊತ್ತವೂ ಇದೆ. ಒಂದರಿಂದ ನೂರು ಎಂಬುದು ಮಾತ್ರ ಇಲ್ಲ. ಕಥೆಯನ್ನು ಈಗಲೂ ಹೇಳುತ್ತೇನೆ, ಸಂಖ್ಯೆಗಳನ್ನು ನಂತರದವರು ತುಂಬಿಸಿದರು ಎಂಬ ಮಾತನ್ನು ಸೇರಿಸಿ. ನೆನಪಿನಿಂದ ಶೇಕಡಾವಾರು ಅಂಕಿಗಳನ್ನು ಹೇಳುವುದನ್ನಂತೂ ಪೂರ್ತಿ ಬಿಟ್ಟಿದ್ದೇನೆ. "ಇದು ನನಗೆ ತಿಳಿಯದು" ಎಂದು ಧ್ವನಿವರ್ಧಕದ ಮುಂದೆ ಹೇಳುವುದನ್ನು ಅಭ್ಯಾಸ ಮಾಡಿಕೊಳ್ಳಲೇಬೇಕು, ಅದು ತಾನಾಗಿ ಬರುವುದಿಲ್ಲ.

ಮೌನಕ್ಕೂ ಮುಂಚಿತವಾಗಿಯೇ ವ್ಯವಸ್ಥೆ ಮಾಡಿಕೊಳ್ಳಬೇಕಾಗುತ್ತದೆ. ಶಿಕ್ಷಕರು ಪ್ರಶ್ನೆ ಕೇಳಿ ಉತ್ತರಕ್ಕೆ ಕಾಯುವುದು ಸರಾಸರಿ ಒಂದು ಸೆಕೆಂಡಿನಷ್ಟು ಮಾತ್ರ, ಅದನ್ನು ಮೂರು ಸೆಕೆಂಡಿಗೆ ಏರಿಸಿದರೆ ಮಕ್ಕಳ ಉತ್ತರಗಳು ಉದ್ದವಾಗುತ್ತವೆ, ಹೆಚ್ಚು ಮಕ್ಕಳು ಮಾತನಾಡುತ್ತಾರೆ ಎಂದು ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ 1970ರ ದಶಕದಲ್ಲಿ ವಿಜ್ಞಾನ ತರಗತಿಗಳ ದನಿಮುದ್ರಿಕೆಗಳಿಂದ ತೋರಿಸಿದರು. ಬಾಟಲಿಯ ಪ್ರಶ್ನೆ ಕೇಳಿದ ಮೇಲೆ ಕೇಳುಗರಿಗೂ ಆ ಮೂರು ಸೆಕೆಂಡು ಸಿಗಬೇಕು. ಆದರೆ ದನಿಮುದ್ರಿಕೆಯನ್ನು ಸಂಕಲಿಸುವವರು ಮೌನವನ್ನು ದೋಷವೆಂದು ತಿಳಿದು ಕತ್ತರಿಸಿಬಿಡುತ್ತಾರೆ, ಕೆಲವೊಮ್ಮೆ ಅವರ ತಂತ್ರಾಂಶವೇ ಕತ್ತರಿಸುತ್ತದೆ. ನನ್ನ ಒಂದು ಸಂಚಿಕೆಯಲ್ಲಿ ಪ್ರಶ್ನೆಯ ಬೆನ್ನಿಗೇ ಉತ್ತರ ಬಂದುಬಿಟ್ಟಿತ್ತು. ಯೋಚಿಸಲು ಯಾರಿಗೂ ಅವಕಾಶವೇ ಇರಲಿಲ್ಲ. ಅಂದಿನಿಂದ ದನಿಮುದ್ರಣಕ್ಕೆ ಮೊದಲೇ ಹೇಳಿಡುತ್ತೇನೆ: ಈ ಜಾಗದಲ್ಲಿ ನಾನು ಸುಮ್ಮನಿರುತ್ತೇನೆ, ದಯವಿಟ್ಟು ಅದನ್ನು ಉಳಿಸಿಕೊಳ್ಳಿ. ನಿರೂಪಕರಿಗೂ ಆ ಮೌನವನ್ನು ತುಂಬಬಾರದೆಂದು ತಿಳಿಸುತ್ತೇನೆ.

ಸಲಕರಣೆಯ ವಿಷಯದಲ್ಲಿ ಹೇಳಬೇಕಾದದ್ದು ಕಡಿಮೆ. ಇಯರ್‌ಫೋನ್ ಹಾಕಿಕೊಳ್ಳಿ, ಇಲ್ಲವಾದರೆ ಎದುರಿನವರ ದನಿ ನಿಮ್ಮ ಮೈಕ್‌ಗೂ ನುಗ್ಗುತ್ತದೆ. ಬರಿಗೋಡೆಯ ಕೋಣೆಗಿಂತ ಬಟ್ಟೆಬರೆ, ಪರದೆಗಳಿರುವ ಕೋಣೆ ಲೇಸು, ಮಾತು ಪ್ರತಿಧ್ವನಿಸುವುದಿಲ್ಲ. ಮೈಕ್ ಒಂದು ಗೇಣು ದೂರದಲ್ಲಿ, ಬಾಯಿಗೆ ನೇರವಾಗಿರದೆ ತುಸು ಓರೆಯಾಗಿದ್ದರೆ "ಪ", "ಬ"ಗಳು ಸಿಡಿಯುವುದಿಲ್ಲ.

ಮುಂದೆ ಇಟ್ಟುಕೊಳ್ಳುವುದು ಈಗ ಒಂದೇ ಚೀಟಿ. ಅದರಲ್ಲಿ ಲೆಕ್ಕದ ಮೂರು ಸಂಖ್ಯೆಗಳು, ಒಂದು ಮಗುವಿನ ಮಾತು, ಮತ್ತು ಅಂಗೈಯನ್ನು ಮೇಜಿನ ಮೇಲೆ ಸುಮ್ಮನೆ ಇಡಬೇಕೆಂಬ ಸೂಚನೆ. ದನಿಮುದ್ರಣವಾದ ಮರುದಿನ ನೆನಪಿನಲ್ಲಿರುವುದನ್ನೆಲ್ಲ ಒಮ್ಮೆ ತಿರುವಿ ನೋಡುತ್ತೇನೆ. ಹಿಂದೊಮ್ಮೆ ಹಾಗೆ ನೋಡಿದಾಗ, ಹತ್ತರಲ್ಲಿ ಎರಡರ ನಾಲ್ಕು ಗುಂಪುಗಳಿವೆ ಎಂದು ಹೇಳಿಬಿಟ್ಟಿದ್ದೆನೆಂಬುದು ಹೊಳೆಯಿತು. ಇರುವುದು ಐದು; ಆ ಒಂದು ಅಂಕೆಯಿಂದ ಬಾಲ್ ಅವರ ತರಗತಿಯ ಹುಡುಗನ ಇಡೀ ವಾದವೇ ಕುಸಿಯುತ್ತಿತ್ತು. ನಿರೂಪಕರಿಗೆ ಕೂಡಲೇ ಬರೆದೆ. ಅವರು ಆ ಒಂದು ವಾಕ್ಯವನ್ನು ಮತ್ತೆ ಹೇಳಿ ಕಳಿಸುವಂತೆ ಕೇಳಿದರು, ಪ್ರಕಟಿಸುವ ಮೊದಲೇ ಹಳೆಯದರ ಜಾಗದಲ್ಲಿ ಅದನ್ನು ಸೇರಿಸಿದರು.