ಬ್ರಸೆಲ್ಸ್‌ನ ಹುಳಿ ಬಿಯರಿಗೆ ಎಷ್ಟು ಅಂಕ?

ಬ್ರಸೆಲ್ಸ್‌ನ ಮಿಡಿ ರೈಲು ನಿಲ್ದಾಣದಿಂದ ಕ್ಯಾಂಟಿಯೋನ್ ಬ್ರೂವರಿಗೆ ನಡೆದೇ ಹೋಗಬಹುದು. ದಾರಿ ಅಂಥ ಚಂದವೇನಿಲ್ಲ. ಆಂಡರ್ಲೆಕ್ಟ್‌ನ ಹಳೇ ಗೋದಾಮುಗಳು, ಸೆಕೆಂಡ್‌ಹ್ಯಾಂಡ್ ಕಾರು ಮಾರುವವರು, ಸಾಲು ಮನೆಗಳು. ನಡುವೆ ಗ್ಯಾರೇಜಿನಂಥ ಒಂದು ಬಾಗಿಲು. 1900ರಿಂದ ಒಂದೇ ಕುಟುಂಬದ ಕೈಯಲ್ಲಿರುವ ಈ ಜಾಗ, 1978ರಿಂದ ಮ್ಯೂಸಿಯಂ ಕೂಡ ಹೌದು. ಹಾಗಂತ ಗಾಜಿನ ಪೆಟ್ಟಿಗೆಗಳೇ ತುಂಬಿವೆ ಅಂದುಕೊಳ್ಳಬೇಡಿ. ಕೆಲಸ ನಡೆಯುತ್ತಿರುವ ಕಟ್ಟಡದೊಳಗೇ ನಮ್ಮನ್ನು ಓಡಾಡಲು ಬಿಡುತ್ತಾರೆ, ಅಷ್ಟೇ.

ಇಲ್ಲಿ ಮಾಡುವುದು ಲ್ಯಾಂಬಿಕ್ ಅನ್ನುವ ಹುಳಿ ಬಿಯರ್. ಇದಕ್ಕೆ ಯಾರೂ ಯೀಸ್ಟ್ ಹಾಕುವುದಿಲ್ಲ. ಮರದಿಂದ ಇಳಿಸಿದ ಈಚಲು ಹೆಂಡ ಗಡಿಗೆಯಲ್ಲಿ ತಾನಾಗಿಯೇ ಹುಳಿಯುತ್ತದಲ್ಲ, ಇದೂ ಹಾಗೇ. ಆದರೆ ಹೆಂಡಕ್ಕೆ ಒಂದು ದಿನ ಸಾಕು, ಇದಕ್ಕೆ ಒಂದರಿಂದ ಮೂರು ವರ್ಷ ಬೇಕು. ಮೊಳಕೆ ಬರಿಸಿದ ಬಾರ್ಲಿ ಸುಮಾರು 65 ಪಾಲು, ಮೊಳಕೆ ಬರಿಸದ ಗೋಧಿ 35 ಪಾಲು. ಜೊತೆಗೆ ವರ್ಷಗಟ್ಟಲೆ ಒಣಗಿಸಿಟ್ಟ ಹಳೇ ಹಾಪ್ಸ್, ಅಂದರೆ ಬಿಯರಿಗೆ ಕಹಿ ಕೊಡುವ ಹೂ. ಹಾಪ್ಸ್ ಹಳತಾದರೆ ಕಹಿ ಹೋಗುತ್ತದೆ, ಕೆಡದಂತೆ ಕಾಯುವ ಗುಣ ಉಳಿಯುತ್ತದೆ. ಇಲ್ಲಿ ಬೇಕಾಗಿರುವುದೂ ಅದೇ.

ಮೆಟ್ಟಿಲು ಹತ್ತಿ ಅಟ್ಟಕ್ಕೆ ಹೋದರೆ ಅಗಲವಾದ, ಆಳವಿಲ್ಲದ ಒಂದು ತಾಮ್ರದ ತೊಟ್ಟಿ. ಧಾನ್ಯ, ಹಾಪ್ಸ್ ಹಾಕಿ ಕುದಿಸಿದ ರಸವನ್ನು ರಾತ್ರಿಯಿಡೀ ಇದರಲ್ಲಿ ತೆರೆದಿಡುತ್ತಾರೆ. ಕಿಟಕಿ ತೆರೆದಿರುತ್ತದೆ. ತಣ್ಣಗಾಗುತ್ತಾ ಗಾಳಿಯಲ್ಲಿರುವ ಸೂಕ್ಷ್ಮಜೀವಿಗಳೆಲ್ಲ ಅದಕ್ಕೆ ಇಳಿಯುತ್ತವೆ. ಈ ಕೆಲಸ ಚಳಿಗಾಲದಲ್ಲಿ ಮಾತ್ರ, ಅಕ್ಟೋಬರ್ ಕೊನೆಯಿಂದ ಏಪ್ರಿಲ್ ಶುರುವಿನವರೆಗೆ. ಬೇಸಿಗೆಯಲ್ಲಿ ಬೇಡದ ಬ್ಯಾಕ್ಟೀರಿಯಾ ಜಾಸ್ತಿ, ರಾತ್ರಿಯೂ ಬೇಗ ತಣ್ಣಗಾಗುವುದಿಲ್ಲ. ಆಮೇಲೆ ಓಕ್ ಪೀಪಾಯಿ. ಪೀಪಾಯಿಗಳ ಮೇಲೆ, ತೊಲೆಗಳ ಮೇಲೆ ಜೇಡರ ಬಲೆ. ಯಾರೂ ಗುಡಿಸುವುದಿಲ್ಲ, ಬೇಕೆಂತಲೇ ಬಿಟ್ಟಿದ್ದಾರೆ. ಹಣ್ಣಿನ ನೊಣಗಳನ್ನು ಹಿಡಿಯಲು ಜೇಡಕ್ಕಿಂತ ಒಳ್ಳೆಯ ಕೆಲಸಗಾರ ಸಿಗುವುದಿಲ್ಲ ಅಲ್ವಾ?

ಕೊನೆಗೆ ಕೌಂಟರಿನಲ್ಲಿ ರುಚಿ ನೋಡಲು ಕೊಡುತ್ತಾರೆ. ನಾನು ಪುಟ್ಟ ನೋಟ್‌ಬುಕ್ ತೆಗೆದೆ. ಹತ್ತಕ್ಕೆ ಅಂಕ. ಮೂಗಿಗೆ ಎಷ್ಟು, ನಾಲಿಗೆಗೆ ಎಷ್ಟು, ನುಂಗಿದ ಮೇಲೆ ಎಷ್ಟು ಅಂತ ಮೂರು ಕಡೆ ನೋಡಿ ಒಂದೇ ಅಂಕ ಬರೆಯುವುದು. ಮೊದಲು ಬಂದದ್ದು ಬೆರಕೆ ಮಾಡದ ಲ್ಯಾಂಬಿಕ್. ನೊರೆಯಿಲ್ಲ, ಗುಳ್ಳೆಯಿಲ್ಲ. ಹುಳಿ ನೇರವಾಗಿ ಹಲ್ಲಿಗೆ ಬರುತ್ತದೆ, ಹಿಂದೆಯೇ ಓಕ್ ಮರದ ಒಗರು. ಆರು. ಆಮೇಲೆ ಗೂಜ್. ಒಂದು, ಎರಡು, ಮೂರು ವರ್ಷದ ಲ್ಯಾಂಬಿಕ್‌ಗಳನ್ನು ಬೆರೆಸಿ ಬಾಟಲಿಗೆ ತುಂಬಿದ್ದು. ಎಳೆಯದರಲ್ಲಿ ಉಳಿದ ಸಕ್ಕರೆಯಿಂದ ಬಾಟಲಿಯಲ್ಲೇ ಮತ್ತೆ ಹುದುಗಿ ಗುಳ್ಳೆ ಹುಟ್ಟುತ್ತದೆ. ನಿಂಬೆಸಿಪ್ಪೆ, ಒಣಹುಲ್ಲು, ಸ್ವಲ್ಪ ದನದ ಕೊಟ್ಟಿಗೆ. ಈ ಕೊಟ್ಟಿಗೆ ವಾಸನೆ ಬ್ರೆಟನೊಮೈಸಿಸ್ ಅನ್ನುವ ಯೀಸ್ಟಿನದು. ವೈನ್ ಮಾಡುವವರು ಇದನ್ನು ಕಂಡರೆ ಓಡುತ್ತಾರೆ, ಇವರು ಸಾಕುತ್ತಾರೆ. ಎಂಟೂವರೆ. ಚೆರಿ ಹಾಕಿದ ಕ್ರೀಕ್‌ಗೆ ಏಳೂವರೆ. ಬಣ್ಣ ಅದ್ಭುತ, ಆದರೆ ಹುಳಿ ಲ್ಯಾಂಬಿಕ್‌ಗೆ ಹುಳಿ ಚೆರಿ ಸೇರಿ ನನ್ನ ನಾಲಿಗೆ ಸ್ವಲ್ಪ ಹೊತ್ತು ಮುಷ್ಕರ ಹೂಡಿತು.

ಬ್ರಸೆಲ್ಸ್‌ನಲ್ಲೇ ಕೆಲಸದಲ್ಲಿರುವ ಗೆಳೆಯನೊಬ್ಬ ಜೊತೆಗಿದ್ದ. ಅವನಿಗೆ ಇದ್ಯಾವುದೂ ಹಿಡಿಸಲಿಲ್ಲ. ಸೂಪರ್‌ಮಾರ್ಕೆಟ್ಟಿನ ಸಿಹಿ ಕ್ರೀಕೇ ಸಾಕು ಅಂದ. ಸಿಹಿ ಬೇಡದವರು ಲೇಬಲ್ಲಿನಲ್ಲಿ ‘ಔಡೆ’ (Oude) ಅಂತ ಇದೆಯಾ ನೋಡಿ ಕೊಳ್ಳಬೇಕು.

ಅಟ್ಟದಲ್ಲಿ ಸುತ್ತಾಡುವಾಗ ನನ್ನ ಪಕ್ಕದಲ್ಲಿದ್ದವರೆಲ್ಲ ಗಾಳಿಯ ಬಗ್ಗೆಯೇ ಮಾತಾಡುತ್ತಿದ್ದರು. ಸೆನ್ ನದಿಯ ಕಣಿವೆಯ ಗಾಳಿ, ಬೇರೆಲ್ಲೂ ಸಿಗದ ಗಾಳಿ ಅಂತ. ಕೇಳಲು ಚೆನ್ನಾಗಿದೆ. ಆದರೆ ಬೇರೆ ಬೇರೆ ತಯಾರಕರ ಬಾಟಲಿಗಳನ್ನು ಒಟ್ಟಿಗೆ ಇಟ್ಟು ಕುಡಿದರೆ ಆ ಮಾತು ಪೂರ್ತಿ ನಿಲ್ಲುವುದಿಲ್ಲ. ಮರುದಿನ ಸಂಜೆ ಮೂಡರ್ ಲ್ಯಾಂಬಿಕ್ ಅನ್ನುವ ಪಬ್ಬಿನಲ್ಲಿ ಅದನ್ನೇ ಮಾಡಿದೆ. ಬಾಟಲಿಯನ್ನು ಬೆತ್ತದ ಬುಟ್ಟಿಯಲ್ಲಿ ಮಲಗಿಸಿ ತರುತ್ತಾರೆ, ತಳದ ಗಸಿ ಕದಡದಿರಲಿ ಅಂತ. ಟಿಲ್ಕ್ಯಾನ್‌ನವರು ರಸ ಕುದಿಸುವುದೇ ಇಲ್ಲ. ಬೋನ್, ಲಿಂಡೆಮನ್ಸ್, ಜಿರಾರ್ಡಿನ್‌ನಂಥ ಬ್ರೂವರಿಗಳಿಂದ ಕೊಂಡು, ತಮ್ಮ ಪೀಪಾಯಿಯಲ್ಲಿ ಮಾಗಿಸಿ, ಬೆರೆಸುತ್ತಾರೆ. ಡ್ವೋರ್ಪ್‌ನ ಹಾನ್ಸೆನ್ಸ್ ಕೂಡ ಹಾಗೇ. ಎರಡೂ ಊರಿನಾಚೆಯಿಂದ ಕೊಂಡ ರಸವೇ. ಹಾನ್ಸೆನ್ಸ್ ಗೂಜ್ ಗಂಟಲಲ್ಲಿ ಚುರ್ ಅನ್ನುತ್ತದೆ. ಟಿಲ್ಕ್ಯಾನ್ ಮೆತ್ತಗೆ, ಮೊಸರಿನ ಹುಳಿಯ ಕಡೆಗೆ. ಮೊದಲನೆಯದಕ್ಕೆ ಏಳು, ಎರಡನೆಯದಕ್ಕೆ ಒಂಬತ್ತು. ಗಾಳಿಗೆ ಅರ್ಧ ಅಂಕ ಕೊಟ್ಟರೆ, ಮಿಕ್ಕದ್ದೆಲ್ಲ ಪೀಪಾಯಿಗೆ ಮತ್ತು ಬೆರೆಸುವವನ ನಾಲಿಗೆಗೆ ಹೋಗಬೇಕು.

ಇದಕ್ಕೆ 3 ಫಾಂಟೈನೆನ್ ಅನ್ನುವ ಬ್ರೂವರಿಯ ಕಥೆಯೇ ಸಾಕ್ಷಿ. 2009ರಲ್ಲಿ ಅವರ ಉಗ್ರಾಣದ ಥರ್ಮೋಸ್ಟಾಟ್ ಕೆಟ್ಟು, ಬಿಸಿ ಏರಿ, ಸಾವಿರಾರು ಬಾಟಲಿ ಸಿಡಿದವು, ಹತ್ತಾರು ಸಾವಿರ ಹಾಳಾದವು. ಅದರ ಯಜಮಾನ ಆರ್ಮಾಂಡ್ ಡೆಬೆಲ್ಡರ್ ಕೆಟ್ಟ ಬಿಯರನ್ನು ಬಟ್ಟಿ ಇಳಿಸಿ ಮಾರಿ ಒಂದಿಷ್ಟು ಹಣ ಎತ್ತಿದರು. ಕೆಲವು ವರ್ಷ ಕುದಿಸುವುದನ್ನೇ ನಿಲ್ಲಿಸಿ, ಬೇರೆಯವರ ಲ್ಯಾಂಬಿಕ್ ಕೊಂಡು ಬೆರೆಸಿದರು. ಆಗಲೂ ಜನ ಅದನ್ನು ಹುಡುಕಿಕೊಂಡೇ ಬಂದರು. 2022ರಲ್ಲಿ ಆರ್ಮಾಂಡ್ ತೀರಿಕೊಂಡರು. ಅವರ ಮನೆಯ ಗೂಜ್‌ಗೂ ಒಂಬತ್ತೇ ಬರೆದೆ. ಅದರಲ್ಲಿ ಒಗರು ಸ್ವಲ್ಪ ಮುಂದಿತ್ತು, ನನಗೆ ಒಗರು ಇಷ್ಟ.

ಭಾನುವಾರ ಬಸ್ಸು ಹಿಡಿದು ಪಾಯೊಟ್ಟೆನ್‌ಲ್ಯಾಂಡಿಗೆ ಹೋದೆವು. ಬ್ರಸೆಲ್ಸ್‌ನ ಪಶ್ಚಿಮಕ್ಕಿರುವ ಹೊಲಗಳ ಸೀಮೆ. ಚಿತ್ರಕಾರ ಬ್ರೂಗೆಲ್ ರೈತರನ್ನು ಚಿತ್ರಿಸಿದ್ದು ಇಲ್ಲಿಯವರನ್ನೇ ನೋಡಿ ಅನ್ನುತ್ತಾರೆ. ಐಜರಿಂಗೆನ್ ಅನ್ನುವ ಹಳ್ಳಿಯಲ್ಲಿ, ಚರ್ಚಿನ ಎದುರಿಗೆ, ‘ಮಹಾ ದಾಹಕ್ಕೆ ವಿಮೆ’ ಅನ್ನುವಂಥ ಹೆಸರಿನ ಒಂದು ಕೆಫೆ ಇದೆ. ಮುಖ್ಯವಾಗಿ ಭಾನುವಾರ ಬಾಗಿಲು ತೆಗೆಯುತ್ತದೆ, ಊರಲ್ಲಿ ಯಾರಾದರೂ ಸತ್ತರೆ ಆ ದಿನವೂ. ಪ್ರಾರ್ಥನೆ ಮುಗಿಸಿ ಬಂದ ಅಜ್ಜಂದಿರು ಇಸ್ಪೀಟು ಆಡುತ್ತಾ ಕೂತಿದ್ದರು. ನೋಟ್‌ಬುಕ್ ತೆಗೆದವನು ನಾನೊಬ್ಬನೇ. ಅವರಲ್ಲೊಬ್ಬರು ಏನು ಬರೀತಿದ್ದೀಯ ಅಂತ ಇಂಗ್ಲಿಷಿನಲ್ಲಿ ಕೇಳಿದರು. ತೋರಿಸಿದೆ. ಬೋನ್ ಗೂಜ್‌ಗೆ ನಾನು ಕೊಟ್ಟ ಎಂಟನ್ನು ನೋಡಿ ತಲೆ ಅಲ್ಲಾಡಿಸಿ, ಒಂಬತ್ತು ಮಾಡು ಅಂದರು. ಮಾಡಲಿಲ್ಲ. ಬ್ರೆಡ್ಡಿನ ಮೇಲೆ ಹಸಿ ಗಿಣ್ಣಿನಂಥ ಬಿಳಿ ಚೀಸ್, ಮೂಲಂಗಿ, ಈರುಳ್ಳಿ ಹಾಕಿ ಕೊಟ್ಟರು. ಅದನ್ನು ತಿಂದು ಮತ್ತೊಂದು ಗುಟುಕು ಕುಡಿದಾಗ ಹುಳಿ ಎಷ್ಟೋ ತಗ್ಗಿತ್ತು. ಚೀಸಿನ ಜೊತೆಗಾದರೆ ಎಂಟೂವರೆ.

ವಾಪಸ್ ಬರುವಾಗ ಭಾರತಕ್ಕೆ ತೆರಿಗೆಯಿಲ್ಲದೆ ತರಬಹುದಾದ ಮದ್ಯ ಎರಡೇ ಲೀಟರ್. 750 ಮಿಲಿಯ ದೊಡ್ಡ ಬಾಟಲಿ ಎರಡು, 375ರದು ಒಂದು, ಅಲ್ಲಿಗೆ ಮುಗಿಯಿತು. ಗೆಳೆಯ ಕ್ಯಾಂಟಿಯೋನ್ ಬೇಡವಾ, ಬೆಂಗಳೂರಲ್ಲಿ ಎಲ್ಲರೂ ಅದನ್ನೇ ಕೇಳ್ತಾರೆ ಅಂದ. ದೊಡ್ಡವೆರಡು ಟಿಲ್ಕ್ಯಾನ್ ಮತ್ತು 3 ಫಾಂಟೈನೆನ್, ಚಿಕ್ಕದು ಬೋನ್.