ತೋಟಕ್ಕೆ ತಂದ ಕ್ಯಾಬಿನ್ ಮನೆ, ಬಿಲ್ಲಿನಲ್ಲಿ ಬಂದ ಜಿಎಸ್‌ಟಿ

ಹೋಮ್‌ಸ್ಟೇಗೆ ಇನ್ನೊಂದು ಕೋಣೆ, ತೋಟದ ಕೆಲಸಗಾರರ ಲೈನ್ ಮನೆಗೆ ಬದಲಿ, ಇಲ್ಲವೇ ತೋಟದಲ್ಲಿ ತಂಗಲು ಒಂದು ಸೂರು. ಕಾರಣ ಏನೇ ಇರಲಿ, ಕೊಡಗಿನಲ್ಲಿ ಈಗ ಲಾರಿ ಮೇಲೆ ಬಂದು ಇಳಿಯುವ ಕ್ಯಾಬಿನ್ ಮನೆಗಳು ಕಾಣುತ್ತಿವೆ. ಬಿಲ್ ಬಂದ ಮೇಲೆ ಜಗಳ ಹತ್ತುವುದು ಒಂದೇ ಸಾಲಿಗೆ: ಜಿಎಸ್‌ಟಿ 18%.

ದರದ ಮೇಲೆ ಜಗಳ ಆಡಬೇಡಿ, ಗೆಲ್ಲುವುದಿಲ್ಲ. "ಮನೆಗೆ 5% ಅಲ್ಲವೇ, ಕೆಲವಕ್ಕೆ 1% ಅಂತೆ" ಎಂದು ವಾದಿಸುವವರು ಬಹಳ. ಆ ದರಗಳು 2019ರ ಏಪ್ರಿಲ್ 1ರಿಂದ ಬಿಲ್ಡರ್‌ಗಳು ಕಟ್ಟಿ ಮಾರುವ ಫ್ಲಾಟುಗಳಿಗೆ ಬಂದವು. ಕಾರ್ಖಾನೆಯಲ್ಲಿ ತಯಾರಾಗುವ ಮನೆ ಜಿಎಸ್‌ಟಿಗೆ ಸರಕು ವಿಂಗಡಿಸುವ ಎಚ್‌ಎಸ್‌ಎನ್ ಪಟ್ಟಿಯ 9406ರಲ್ಲಿ ಬರುತ್ತದೆ, ಅದಕ್ಕೆ 18%. 2025ರ ಸೆಪ್ಟೆಂಬರ್ 22ರಂದು ಸಿಮೆಂಟ್ 28ರಿಂದ 18ಕ್ಕೆ ಇಳಿಯಿತು, ಇದು ಇದ್ದಲ್ಲೇ ಉಳಿಯಿತು. ಅಮೆರಿಕದ ಟೆಕ್ಸಾಸ್‌ನಲ್ಲಿ ಇಂಥ ಹೊಸ ಮನೆಯ ಬೆಲೆಯ 65% ಭಾಗಕ್ಕಷ್ಟೇ 5% ತೆರಿಗೆ. ನಮ್ಮಲ್ಲಿ ಅಂಥ ಕಡಿತ ಇಲ್ಲ.

ಹಣ ಉಳಿಯುವುದು 18% ಯಾವ ಮೊತ್ತದ ಮೇಲೆ ಬಿದ್ದಿದೆ ಎಂಬಲ್ಲಿ. ಉದಾಹರಣೆಗೆ ಕ್ಯಾಬಿನ್‌ಗೆ 6,00,000, ಲಾರಿಗೆ 45,000, ಕ್ರೇನಿಗೆ 15,000, ಕೂರಿಸುವ ಕೂಲಿ 40,000 ಎಂದಿಟ್ಟುಕೊಳ್ಳಿ. ಎಲ್ಲವನ್ನೂ ಮಾರುವವನೇ ಒಂದೇ ಬಿಲ್ಲಿನಲ್ಲಿ ಹಾಕಿದರೆ ಅದು ಕಾಂಪೋಸಿಟ್ ಸಪ್ಲೈ, ಅಂದರೆ ಸರಕು, ಸೇವೆ ಕೂಡಿದ ಒಂದೇ ಪೂರೈಕೆ. ಮುಖ್ಯ ಸರಕಿನ ದರ ಬಾಡಿಗೆಗೂ ಕೂಲಿಗೂ ಅಂಟಿಕೊಳ್ಳುತ್ತದೆ, 7 ಲಕ್ಷಕ್ಕೆ 1,26,000 ತೆರಿಗೆ. ಇದು ಕಾನೂನುಬದ್ಧ, ಆಮೇಲೆ ಬೈದು ಉಪಯೋಗವಿಲ್ಲ. ಆರ್ಡರ್ ಕೊಡುವಾಗಲೇ ಬೆಲೆಯನ್ನು ಕಾರ್ಖಾನೆಯ ಗೇಟಿನ ಲೆಕ್ಕದಲ್ಲಿ ಮಾತಾಡಿ, ಲಾರಿ ನೀವೇ ಗೊತ್ತು ಮಾಡಿ. ನಿಮಗೆ ಜಿಎಸ್‌ಟಿ ನೋಂದಣಿ ಇಲ್ಲದಿದ್ದರೆ ಲಾರಿ ಬಾಡಿಗೆಗೆ ತೆರಿಗೆ ಇಲ್ಲ. ಬಿಡಿಯಾಗಿ ನಿಂತ ಒಂದು ವಾಸದ ಮನೆಯನ್ನು ಬರೀ ಕೂಲಿ ಒಪ್ಪಂದದಲ್ಲಿ ಕೂರಿಸಿಕೊಟ್ಟರೆ ಅದಕ್ಕೂ ವಿನಾಯಿತಿ ಇದೆ. ಹೋಮ್‌ಸ್ಟೇ ಕೋಣೆಗೆ ಆ ವಿನಾಯಿತಿ ಸಿಗುವುದು ಕಷ್ಟ. ಕ್ರೇನಿನವನು ನೋಂದಣಿ ಮಾಡಿಸಿದ್ದರೆ ಅವನು 18% ಹಾಕಿಯೇ ಹಾಕುತ್ತಾನೆ. ಹೀಗೆ ಲಾರಿ, ಕೂಲಿ ಎರಡನ್ನೂ ಬೇರೆ ಮಾಡಿದರೆ ಮೇಲಿನ ಲೆಕ್ಕದಲ್ಲಿ 15,300 ಉಳಿಯುತ್ತದೆ.

ಆದರೆ ಅಷ್ಟಕ್ಕೆ ಆಸೆಪಟ್ಟು ಕೆಟ್ಟವರೂ ಇದ್ದಾರೆ. ದಾರಿಯಲ್ಲಿ ಪ್ಯಾನೆಲ್ ಬಿರುಕು ಬಿಟ್ಟರೆ ಹೊಣೆ ನಿಮ್ಮದೇ ಆಗುತ್ತದೆ. ಮಳೆಗಾಲದಲ್ಲಿ ಜಿಲ್ಲಾಡಳಿತ ಭಾರಿ ವಾಹನ ತಡೆದರೆ ಲಾರಿಯ ಕಾಯುವ ಬಾಡಿಗೆಯೂ ನಿಮ್ಮದೇ. ಮುಖ್ಯರಸ್ತೆಯಿಂದ ತೋಟಕ್ಕೆ ಇಳಿಯುವ ತಿರುವಿನಲ್ಲಿ 20 ಅಡಿಯ ಕ್ಯಾಬಿನ್ ತಿರುಗುತ್ತದೆಯೇ, ಸಿಲ್ವರ್ ಓಕ್ ಕೊಂಬೆ, ಕರೆಂಟ್ ತಂತಿ ತಾಗುತ್ತದೆಯೇ ಎಂದು ಮೊದಲು ಅಳೆಯಿರಿ. ತಿರುಗದಿದ್ದರೆ ಬಿಡಿಭಾಗಗಳಾಗಿ ತರಿಸಿ ಜೋಡಿಸುವ ಮಾದರಿಯೇ ವಾಸಿ, ಅದಕ್ಕೆ ಕಂಪನಿಯ ಕೆಲಸಗಾರರೇ ಬರಲಿ.

ಇನ್ನು ನಿಜವಾಗಿ ತಪ್ಪು ವಸೂಲಿ ಆಗುವ ಕಡೆಗಳು. ಕೊಟೇಶನ್‌ನಲ್ಲಿ "ಎಲ್ಲಾ ಸೇರಿ 7,00,000" ಎಂದು ಬರೆದು, ಬಿಲ್ಲಿನಲ್ಲಿ ಅದರ ಮೇಲೆ ಮತ್ತೆ 18% ಏರಿಸುವುದು ಹಳೆಯ ಆಟ. ಎಲ್ಲಾ ಸೇರಿ ಎಂದರೆ ಸರಕಿನ ಬೆಲೆ 5,93,220, ತೆರಿಗೆ 1,06,780, ಅಷ್ಟೇ. ಕೊಟೇಶನ್‌ನ ವಾಟ್ಸಾಪ್ ಫೋಟೋ ಅಳಿಸಬೇಡಿ, ಇಡೀ ಕೇಸು ಅದರ ಮೇಲೆ ನಿಲ್ಲುತ್ತದೆ.

ಮಾರಿದವನಿಗೆ ತೆರಿಗೆ ವಸೂಲಿ ಮಾಡುವ ಹಕ್ಕು ಇದೆಯೇ ಎಂಬುದು ಇನ್ನೊಂದು. ಜಿಎಸ್‌ಟಿ ಪೋರ್ಟಲ್‌ನಲ್ಲಿ ಲಾಗಿನ್ ಇಲ್ಲದೆಯೇ ಬಿಲ್ಲಿನ 15 ಅಕ್ಷರದ ಜಿಎಸ್‌ಟಿಐಎನ್ (ಜಿಎಸ್‌ಟಿ ನೋಂದಣಿ ಸಂಖ್ಯೆ) ಹಾಕಿ ನೋಡಿ. ಕರ್ನಾಟಕದ್ದು 29ರಿಂದ, ಕೇರಳದ್ದು 32ರಿಂದ, ತಮಿಳುನಾಡಿನದ್ದು 33ರಿಂದ ಶುರು. ನೋಂದಣಿ ರದ್ದಾಗಿದೆಯೇ, ರಿಟರ್ನ್ ಸಲ್ಲಿಕೆಯಾಗಿದೆಯೇ ಎಲ್ಲ ಕಾಣುತ್ತದೆ. ಕಾಂಪೋಸಿಷನ್ (ಸಣ್ಣ ವ್ಯಾಪಾರಿಗಳ ಸರಳ ತೆರಿಗೆ ಯೋಜನೆ) ಎಂದು ಬಂದರೆ ಆತ ಗಿರಾಕಿಯಿಂದ ಒಂದು ರೂಪಾಯಿ ತೆರಿಗೆಯನ್ನೂ ಪಡೆಯುವಂತಿಲ್ಲ, ಟ್ಯಾಕ್ಸ್ ಇನ್‌ವಾಯ್ಸ್ ಬದಲು ತೆರಿಗೆ ತೋರಿಸದ ಬಿಲ್ ಆಫ್ ಸಪ್ಲೈ ಕೊಡಬೇಕು. ನೋಂದಣಿಯೇ ಇಲ್ಲದ ವೆಲ್ಡಿಂಗ್ ಶಾಪಿನವನೂ ಅಷ್ಟೇ. ಬೇರೆ ರಾಜ್ಯದಿಂದ ಬಂದ ಮಾಲಿಗೆ 18% ಒಟ್ಟಾಗಿ ಐಜಿಎಸ್‌ಟಿ ಎಂದು, ಬೆಂಗಳೂರು ಮೈಸೂರಿನದಕ್ಕೆ ಕೇಂದ್ರಕ್ಕೆ 9%, ರಾಜ್ಯಕ್ಕೆ 9% ಎಂದು ಬಿಲ್ಲಿನಲ್ಲಿ ಬರುತ್ತದೆ. ಇದು ತಪ್ಪಿದ್ದರೆ ನಿಮ್ಮ ಜೇಬಿಗೆ ನಷ್ಟವಿಲ್ಲ, ಅವನ ತಲೆನೋವು.

ಹಳೆಯ ಕ್ಯಾಬಿನ್ ಕೊಳ್ಳುವವರು ಗಮನಿಸಿ. ಸೆಕೆಂಡ್ ಹ್ಯಾಂಡ್ ವ್ಯಾಪಾರಿ ತಾನು ಕೊಂಡಾಗ ಇನ್‌ಪುಟ್ ಕ್ರೆಡಿಟ್ (ಕೊಳ್ಳುವಾಗ ಕೊಟ್ಟ ತೆರಿಗೆಯನ್ನು ತಾನು ಕಟ್ಟುವ ತೆರಿಗೆಯಲ್ಲಿ ಕಳೆದುಕೊಳ್ಳುವುದು) ತೆಗೆದುಕೊಂಡಿರದಿದ್ದರೆ, ಜಿಎಸ್‌ಟಿ ನಿಯಮ 32(5)ರ ಪ್ರಕಾರ ತೆರಿಗೆ ಲಾಭಾಂಶಕ್ಕೆ ಮಾತ್ರ. 2,50,000ಕ್ಕೆ ಕೊಂಡು 3,10,000ಕ್ಕೆ ಮಾರಿದರೆ 10,800, ಪೂರ್ತಿ ಬೆಲೆಯ ಮೇಲಿನ 55,800 ಅಲ್ಲ. ಹಳೆಯ ಶಿಪ್ಪಿಂಗ್ ಕಂಟೇನರ್ ಕೊಯ್ದು ಮನೆ ಮಾಡಿದ್ದರೆ ಈ ಲೆಕ್ಕ ಸಿಗದು, ವಸ್ತುವಿನ ಸ್ವರೂಪವೇ ಬದಲಾಯಿತಲ್ಲ.

ಆರ್ಡರ್ ರದ್ದಾದಾಗ "ಅಡ್ವಾನ್ಸಿನ ಜಿಎಸ್‌ಟಿ ಸರ್ಕಾರಕ್ಕೆ ಹೋಯಿತು, ವಾಪಸ್ ಬರಲ್ಲ" ಎಂದರೆ ನಂಬಬೇಡಿ. ಸರಕಿನ ಮುಂಗಡಕ್ಕೆ ತೆರಿಗೆ ಕಟ್ಟುವ ನಿಯಮ 2017ರ ನವೆಂಬರಿನಲ್ಲೇ ಹೋಗಿದೆ.

ವಸೂಲಿಗೆ ದಾರಿ ಹೀಗೆ. ಬಿಲ್ ನಂಬರ್, ದಿನಾಂಕ, ಎಷ್ಟು ಹೆಚ್ಚು, ಯಾಕೆ ಎಂದು ಒಂದು ಪುಟದಲ್ಲಿ ಬರೆದು ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ, ಕ್ರೆಡಿಟ್ ನೋಟ್ (ಬಿಲ್ಲಿನ ಮೊತ್ತ ಇಳಿಸಿ ಕೊಡುವ ಚೀಟಿ) ಕೇಳಿ. ಬಿಲ್ ಆದ ಹಣಕಾಸು ವರ್ಷ ಮುಗಿದ ನಂತರದ ನವೆಂಬರ್ 30 ದಾಟಿದರೆ ಅವನು ಕ್ರೆಡಿಟ್ ನೋಟ್ ಕೊಟ್ಟು ತನ್ನ ತೆರಿಗೆ ಇಳಿಸಿಕೊಳ್ಳಲಾರ. ಆಮೇಲೆ ಅವನು ಯಾಕೆ ಮನಸ್ಸು ಮಾಡುತ್ತಾನೆ? ಉತ್ತರ ಬರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು. ಹಕ್ಕಿಲ್ಲದೆ ತೆರಿಗೆ ಪಡೆದಿದ್ದರೆ ವಾಣಿಜ್ಯ ತೆರಿಗೆ ಇಲಾಖೆಗೂ ಒಂದು ಪ್ರತಿ ಹಾಕಿ, ಗ್ರಾಹಕ ಆಯೋಗದ ನೋಟಿಸಿಗಿಂತ ವ್ಯಾಪಾರಿ ಹೆದರುವುದು ಇದಕ್ಕೇ.

ಕೊನೆಗೆ ಮಡಿಕೇರಿಯ ಜಿಲ್ಲಾ ಗ್ರಾಹಕ ಆಯೋಗ. ಮಾರಿದವನು ಕೊಯಮತ್ತೂರಿನವನಾದರೂ ನೀವು ವಾಸವಿರುವ ಜಿಲ್ಲೆಯಲ್ಲೇ ದೂರು ಹಾಕಬಹುದು, ಗಡುವು 2 ವರ್ಷ. ಕೊಟ್ಟ ಹಣ 5 ಲಕ್ಷದವರೆಗಿದ್ದರೆ ಶುಲ್ಕವಿಲ್ಲ, 10 ಲಕ್ಷದವರೆಗೆ 200 ರೂಪಾಯಿ. ಹೋಮ್‌ಸ್ಟೇಗೆ ಕೊಂಡಿದ್ದರೆ ಎದುರಿನವನು "ವಾಣಿಜ್ಯ ಉದ್ದೇಶ, ಇವರು ಗ್ರಾಹಕರೇ ಅಲ್ಲ" ಎಂದು ಖಂಡಿತ ಎತ್ತುತ್ತಾನೆ. ಸ್ವಂತ ದುಡಿಮೆಯಿಂದ ಜೀವನೋಪಾಯಕ್ಕೆ ನಡೆಸುತ್ತಿದ್ದೇವೆ ಎಂಬುದನ್ನು ದೂರಿನ ಮೊದಲ ಪುಟದಲ್ಲೇ ಬರೆದು, ಹೋಮ್‌ಸ್ಟೇ ನೋಂದಣಿಯ ಪ್ರತಿ ಲಗತ್ತಿಸಿ.