ಕೋಡ್ ಬಾರದ ಜರ್ಕ್

ಪೆಟ್ರೋಲ್ ಎಂಜಿನ್ ಜೊತೆ ವಿದ್ಯುತ್ ಮೋಟಾರೂ ಇರುವ ನಮ್ಮ ಹೈಬ್ರಿಡ್ ಕಾರಿಗೆ ಇತ್ತೀಚೆಗೆ ಒಂದು ಚಾಳಿ. ಬ್ರೇಕ್ ಒತ್ತಿ ವೇಗ 10 ಕಿ.ಮೀ. ಆಸುಪಾಸಿಗೆ ಇಳಿಯುವಾಗ ಹಿಂದಿನಿಂದ ಯಾರೋ ಮೆಲ್ಲಗೆ ತಳ್ಳಿದಂತೆ ಒಂದು ಜರ್ಕ್. ಸರ್ವಿಸ್ ಸೆಂಟರಿನವರು ಸ್ಕ್ಯಾನರ್ ಹಚ್ಚಿ, ಕಾರಿನ ಕಂಪ್ಯೂಟರ್ ದಾಖಲಿಸುವ ದೋಷದ ಕೋಡ್ ಏನೂ ಇಲ್ಲವೆಂದು ಕೈತೊಳೆದುಕೊಂಡರು.

ಸುಳಿವು ಸಿಕ್ಕಿದ್ದು ಚಾರ್ಮಾಡಿ ಘಾಟಿ ಇಳಿದಾಗ. ಉದ್ದಕ್ಕೂ ಇಳಿಜಾರು, ಬ್ಯಾಟರಿ ಭರ್ತಿ. ಕೆಳಗೆ ಕಾರು ನಿಲ್ಲಿಸಿದರೆ ಜರ್ಕ್ ಇಲ್ಲವೇ ಇಲ್ಲ! ಹೈಬ್ರಿಡ್‌ನಲ್ಲಿ ಬ್ರೇಕ್ ಒತ್ತಿದರೆ ಮೊದಲು ಮೋಟಾರೇ ಜನರೇಟರ್ ಆಗಿ ಚಕ್ರವನ್ನು ತಡೆಯುತ್ತದೆ. ನಿಲ್ಲುವ ಮುನ್ನ ಆ ಕೆಲಸವನ್ನು ಬ್ರೇಕ್ ಪ್ಯಾಡ್‌ಗಳಿಗೆ ಒಪ್ಪಿಸುತ್ತದೆ. ಬ್ಯಾಟರಿ ತುಂಬಿದ್ದರೆ ಆ ವಿದ್ಯುತ್ತಿಗೆ ಜಾಗವಿಲ್ಲ, ಹಾಗಾಗಿ ಈ ಹಸ್ತಾಂತರವೂ ಇಲ್ಲ. ಮರುದಿನ ಖಾಲಿ ರಸ್ತೆಯಲ್ಲಿ, ಮೋಟಾರು ಜನರೇಟರ್ ಆಗದಂತೆ ನ್ಯೂಟ್ರಲ್‌ಗೆ ಹಾಕಿ ಬ್ರೇಕ್ ಒತ್ತಿದೆ. ಆಗಲೂ ಜರ್ಕ್ ಮಾಯ.

ಹಾಗೆಂದು ಹಸ್ತಾಂತರವನ್ನೇ ದೂರುವಂತಿಲ್ಲ, ಅದು ಹೊಸ ಕಾರಿನಲ್ಲೂ ನಡೆಯುತ್ತದೆ. ಬಲದ ದಿಕ್ಕು ಬದಲಾಗುವಾಗ ಎಲ್ಲೋ ಸಡಿಲು ತಟ್ಟುತ್ತಿರಬೇಕು. ಪರಿಚಯದ ಮೆಕ್ಯಾನಿಕ್ ಒಬ್ಬರು ಕಾರನ್ನು ಲಿಫ್ಟಿಗೆ ಏರಿಸಿ, ಕಿತ್ತಳೆ ಬಣ್ಣದ ಹೈವೋಲ್ಟೇಜ್ ಕೇಬಲ್‌ಗಳ ತಂಟೆಗೆ ಹೋಗದೆ, ಎಂಜಿನ್ನನ್ನು ಕಾರಿಗೆ ಹಿಡಿದಿಡುವ ರಬ್ಬರಿನ ಆಧಾರಕ್ಕೆ, ಅಂದರೆ ಎಂಜಿನ್ ಮೌಂಟಿಗೆ, ಲಿವರ್ ಕೊಟ್ಟು ಮೀಟಿದರು. ರಬ್ಬರ್ ಬಾಯಿ ಬಿಟ್ಟಿತು. ಒಳಗಿನ ಬಿರುಕಿನಲ್ಲಿ ಬೆರಳಿನ ಉಗುರು ಇಳಿಯುವಷ್ಟು ಜಾಗ.

ರಬ್ಬರಿಗೆ ಸೆನ್ಸರ್ ಇಲ್ಲ, ಕೋಡ್ ಎಲ್ಲಿಂದ ಬರಬೇಕು? ಇಷ್ಟೊಂದು ಕಂಪ್ಯೂಟರ್ ಹೊತ್ತ ಕಾರು ತನ್ನ ನೋವನ್ನು ಹೇಳಿಕೊಳ್ಳಲು ನನ್ನ ಬೆನ್ನನ್ನೇ ಆರಿಸಿಕೊಂಡಿದ್ದು ವಿಚಿತ್ರ. ಹೊಸ ಮೌಂಟಿಗೆ ಆರ್ಡರ್ ಕೊಟ್ಟಾಗಿದೆ, ಬರುವ ವಾರ ಹಾಕುತ್ತಾರಂತೆ.